ಮೊದಲು ತೂತು, ಆಮೇಲೆ ಕೆತ್ತನೆ

ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಹೋದ ಸಂಚಿಕೆಯಲ್ಲಿ ಮರದ ತಂಬಾಕು ಪೈಪ್ ಮಾಡುವ ಹವ್ಯಾಸದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಕೆಂಡ ಕೂರುವ ಬಟ್ಟಲು, ಅದರ ಕುತ್ತಿಗೆ, ಬಾಯಿಗಿಡುವ ಕೊಳವೆ, ಇಷ್ಟೇ ಭಾಗ, ಮನೆಯಲ್ಲೇ ಮಾಡಬಹುದು ಅಂದಿದ್ದೆ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಕೆಲವರು ಬೈದೂ ಇದ್ದಾರೆ. ಅವರಿಗೂ ಉತ್ತರ ಇದೆ, ಸ್ವಲ್ಪ ಕೆಳಗೆ.

ನನ್ನ ಪರಿಚಯ ಕೇಳಿದವರಿಗೆ: ಐಟಿಐಯಲ್ಲಿ ಹುಡುಗರಿಗೆ ಲೇಥ್ ಕೆಲಸ ಕಲಿಸುತ್ತಿದ್ದವನು. ಈಗ ನಿವೃತ್ತ, ಕಾರವಾರದ ಕೋಡಿಬಾಗದಲ್ಲಿ ಮನೆ. ನಾನು ಸೇದುವುದಿಲ್ಲ. ಕವಳಕ್ಕೂ ಹೊಗೆಸೊಪ್ಪು ಹಾಕಿಕೊಳ್ಳುವುದಿಲ್ಲ. ಬಂದರಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಕೊಳವೆ ಮುರಿದ ಪೈಪ್ ತಂದು, ಇದಕ್ಕೊಂದು ಮೂತಿ ಮಾಡಿಕೊಡು ಮಾರಾಯ ಅಂದ. ಹಾಗೆ ಶುರುವಾದದ್ದು ಇದು.

ಪ್ರಶ್ನೆ: ಮಾಸ್ತರ್ರೇ, ಗಾಳಿಗೆ ಬಿದ್ದ ಬೀಟೆ ಮರದ ಬುಡವೊಂದು ನಮ್ಮ ಸೊಪ್ಪಿನ ಬೆಟ್ಟದಲ್ಲಿ ಸುಮ್ನೆ ಬಿದ್ದಿದೆ. ಅದರಲ್ಲೇ ಪೈಪ್ ಮಾಡಬಹುದಲ್ವಾ? ನೀವು ಹೇಳಿದ ಬ್ರಯರ್ ಅನ್ನುವ ಹೊರದೇಶದ ಮರವೇ ಯಾಕೆ ಬೇಕು?
– ಅಡಿಕೆ ಬೆಳೆಗಾರರು, ಸಿದ್ದಾಪುರ

ಉತ್ತರ: ಮೊದಲು ಕಾಯ್ದೆ ಮಾತು ಮುಗಿಸಿಬಿಡೋಣ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ನಮ್ಮ ಜಿಲ್ಲೆಗೆ ಬ್ರಿಟಿಷರ ಕಾಲದಿಂದ ಬಂದದ್ದು. ಆ ಸವಲತ್ತು ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪಿಗೆ, ದರಕಿಗೆ ಅಂದರೆ ಒಣಗಿದ ಎಲೆಗೆ. ಬೀಟೆ ಅದರಲ್ಲಿ ಬರುವುದಿಲ್ಲ. ತಾನಾಗಿ ಬಿದ್ದ ಮರವಾದರೂ ಸರಿ, ರೇಂಜ್ ಆಫೀಸಿನಲ್ಲಿ ಕೇಳದೆ ಮುಟ್ಟಬೇಡಿ. ಒಂದು ಪೈಪಿಗೆ ಬೇಕಾದದ್ದು ಅಂಗೈಯಗಲದ ತುಂಡು. ಅದಕ್ಕಾಗಿ ಕೇಸು ಹಾಕಿಸಿಕೊಳ್ಳೋದಾ?

ಕಾಯ್ದೆ ಆಚೆಗಿಟ್ಟರೂ ಬಟ್ಟಲಿಗೆ ಬೀಟೆ ಬೇಡ. ಅದರಲ್ಲಿ ಎಣ್ಣೆಯಂಶ ಇದೆ, ಅದರ ಪುಡಿ ಎಷ್ಟೋ ಜನರ ಚರ್ಮಕ್ಕೆ, ಮೂಗಿಗೆ ಆಗಿಬರುವುದಿಲ್ಲ. ಫರ್ನಿಚರ್ ಅಂಗಡಿಯಲ್ಲಿ ಚೂರು ಸಿಕ್ಕರೆ ಕುತ್ತಿಗೆಯ ತುದಿಗೆ ತೆಳ್ಳಗೊಂದು ಬಳೆ ಮಾಡಿ ಕೂರಿಸಿ, ಚೆಂದ ಕಾಣುತ್ತದೆ. ಅಷ್ಟು ಸಾಕು.

ಇನ್ನು ಬ್ರಯರ್ ಯಾಕೆ ಅಂದರೆ, ಪೈಪಿನ ಬಟ್ಟಲಿನೊಳಗೆ ನಿಜವಾದ ಕೆಂಡ ಇರುತ್ತದೆ. ಎರಡೂ ಕಡೆ ಮರ, ನಡುವೆ ಬೆಂಕಿ. ಹೆಚ್ಚಿನ ಮರಗಳು ಒಂದಲ್ಲ ಒಂದು ದಿನ ಸುಟ್ಟು ತೂತಾಗುತ್ತವೆ. ಬ್ರಯರ್ ಅನ್ನುವುದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಒಣಗುಡ್ಡಗಳಲ್ಲಿ, ಇಟಲಿ, ಗ್ರೀಸ್, ಸ್ಪೇನ್, ಅಲ್ಜೀರಿಯಾ, ಕಾರ್ಸಿಕಾ ಕಡೆ ಬೆಳೆಯುವ ದೊಡ್ಡ ಪೊದೆ. ಸಸ್ಯಶಾಸ್ತ್ರದವರು ಎರಿಕಾ ಅರ್ಬೋರಿಯಾ ಅನ್ನುತ್ತಾರೆ. ಪೈಪಿಗೆ ಬರುವುದು ಅದರ ಕೊಂಬೆಯಲ್ಲ. ಬೇರೂ ಕಾಂಡವೂ ಸೇರುವಲ್ಲಿ ಮಣ್ಣೊಳಗೆ ಊದಿಕೊಂಡಿರುವ ಗಂಟು. ಗುಡ್ಡಕ್ಕೆ ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ಈ ಗಂಟಿನಿಂದಲೇ ಗಿಡ ಮತ್ತೆ ಚಿಗುರುತ್ತದೆ. ಅಂಥದ್ದು ಅದು. ಗಟ್ಟಿ, ಪಸೆ ಹೀರಿಕೊಳ್ಳುತ್ತದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ.

ಹಾಗಂತ ಅಗೆದು ತಂದು ನೇರ ಕೊರೆಯುವುದಲ್ಲ. ಗಂಟನ್ನು ಒಣಗಲು ಬಿಡದೆ ಒದ್ದೆಯಾಗಿಟ್ಟು, ತುಂಡು ಕೊಯ್ದು, ತಾಮ್ರದ ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಒಗರು, ಸೊನೆ ಎಲ್ಲ ಬಿಟ್ಟುಹೋಗಬೇಕು. ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ, ಕೆಲವರು ವರ್ಷಗಟ್ಟಲೆ. ಫ್ರಾನ್ಸಿನ ಜೂರಾ ಬೆಟ್ಟದ ಸೇಂಟ್ ಕ್ಲೋಡ್ ಮೊದಲಿನಿಂದಲೂ ಮರ ಕಡೆಯುವವರ ಊರು. 19ನೇ ಶತಮಾನದ ನಡುವೆ ಬ್ರಯರ್ ಅವರ ಕೈಗೆ ಸಿಕ್ಕಿತು, ಊರಿಗೆ ಊರೇ ಪೈಪ್ ಕೆಲಸಕ್ಕೆ ತಿರುಗಿತು. ಅಲ್ಲಿಯವರೆಗೆ ಯುರೋಪಿನ ಬಡವರ ಪೈಪ್ ಅಂದರೆ ಸುಟ್ಟ ಮಣ್ಣಿನದು.

ಕಲಿಯುವವರಿಗೆ ಬ್ರಯರ್ ಬೇಡವೇ ಬೇಡ. ಹೊರದೇಶದಲ್ಲಿ ಚೆರ್ರಿ, ಪೇರ್, ಆಲಿವ್ ಮರದಲ್ಲೂ ಪೈಪ್ ಮಾಡುತ್ತಾರೆ. ನಾನು ಕೈ ಪಳಗಿಸಿಕೊಂಡದ್ದು ಹಿತ್ತಲಿನ ಪೇರಲೆ ಮರದಲ್ಲಿ. ತೋಳಿನಷ್ಟು ದಪ್ಪದ ಕೊಂಬೆ ನೋಡಿ ಕಡಿದೆ, ತುಂಡು ಮಾಡಿದೆ, ಹಳೇ ಪಾತ್ರೆಯಲ್ಲಿ ಕುದಿಸಿದೆ. ನೀರು ಕಂದಾಗುತ್ತದೆ, ಚೆಲ್ಲಿ ಮತ್ತೆ ಹೊಸ ನೀರು. ಬಣ್ಣ ಬಿಡುವುದು ನಿಂತ ಮೇಲೆ ತುಂಡಿನ ಎರಡೂ ಕೊನೆಗೆ ಮೇಣದಬತ್ತಿ ಕರಗಿಸಿ ಹಚ್ಚಬೇಕು. ಇಲ್ಲದಿದ್ದರೆ ಕೊನೆಯಿಂದಲೇ ಬಿರುಕು ಬಿಡುತ್ತದೆ. ಆಮೇಲೆ ಅಟ್ಟಕ್ಕೆ. ಒಲೆಯ ನೇರ ಮೇಲೆ ಇಡಬೇಡಿ, ಬೇಗ ಒಣಗಿದರೆ ಸೀಳುತ್ತದೆ. ಆಗಾಗ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ತೂಕ ಇಳಿಯುವುದು ನಿಂತರೆ ಮರ ಒಣಗಿತು ಅಂತ ಲೆಕ್ಕ. ಕಣ್ಣಿನಲ್ಲಿ ನೋಡಿ, ಬಡಿದು ಕೇಳಿ ಹೇಳುವವರಿದ್ದಾರೆ, ನಾನು ತಕ್ಕಡಿಯನ್ನು ನಂಬುತ್ತೇನೆ.

ಒಂದು ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ ಓದಿದ ಹಾಗೆ ಓದಿಕೊಳ್ಳಿ. ಕಾಸರಕ, ಕಣಗಿಲೆ ಎರಡೂ ವಿಷದ ಗಿಡ. ಹೊಳೆಗೇರು, ಕೇರು, ಗೇರು ಸೊನೆ ತಾಗಿದರೇ ಮೈ ಬೊಬ್ಬೆ ಏಳುತ್ತದೆ. ಮಾವೂ ಅದೇ ಕುಟುಂಬ. ಹೊಗೆ ಬಾಯಿಗೆ ಹೋಗುವ ವಸ್ತುವಿಗೆ ಇವು ಯಾವುವೂ ಬೇಡ. ಹೆಸರು ಗೊತ್ತಿಲ್ಲದ ಮರವೂ ಬೇಡ, ಎಷ್ಟೇ ಚೆಂದದ ಗೆರೆ ಇರಲಿ.

ಪ್ರಶ್ನೆ: ನಾನು ಬಾಗಿಲು, ಕಿಟಕಿ ಕೆಲಸದವನು. ನಿಮ್ಮ ಬರಹ ಓದಿ ಬಟ್ಟಲನ್ನು ಚೆನ್ನಾಗಿಯೇ ಕೆತ್ತಿದೆ, ಪಾಲಿಶ್ ಪೇಪರ್ ಕೂಡ ಹೊಡೆದೆ. ಕೊನೆಗೆ ಕುತ್ತಿಗೆಯಿಂದ ಡ್ರಿಲ್ ಹಾಕಿದರೆ ತೂತು ಬಟ್ಟಲಿನ ಪಕ್ಕಕ್ಕೆ ಹೋಗಿ ಹೊರಗೆ ಬಂತು. ಏನು ಮಾಡಲಿ?
– ಆಚಾರಿ, ಹೊನ್ನಾವರ

ಉತ್ತರ: ಆ ಬಟ್ಟಲನ್ನು ಶೋಕೇಸಿನಲ್ಲಿಡಿ. ಮುಂದಿನದಕ್ಕೆ ಲೆಕ್ಕ ತಿರುಗಾಮುರುಗಾ ಮಾಡಿ: ಮೊದಲು ತೂತು, ಆಮೇಲೆ ಕೆತ್ತನೆ. ಪೈಪ್ ನೋಡುವವರಿಗೆ ಕಾಣುವುದು ಹೊರಮೈ. ಆದರೆ ಪೈಪ್ ಪೈಪಾಗುವುದು ಒಳಗಿನ ತೂತುಗಳಿಂದ. ಗುಂಡಗೆ ಕೆತ್ತಿದ ತುಂಡನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿಯಲು ಆಗುವುದಿಲ್ಲ. ಚೌಕ ತುಂಡನ್ನು ಆಗುತ್ತದೆ. ಇಷ್ಟೇ ಗುಟ್ಟು.

ತುಂಡಿನ ನಾಲ್ಕೂ ಮುಖ ಗೋನಿಗೆ (ಮೂಲೆಮಟ್ಟಕ್ಕೆ) ಸರಿಯಾಗಿ ಕೂರುವ ಹಾಗೆ ಹತ್ತರಿ ಹೊಡೆಯಿರಿ. ಪಕ್ಕದ ಮುಖದ ಮೇಲೆ ಪೆನ್ಸಿಲ್ಲಿನಲ್ಲಿ ಇಡೀ ಪೈಪಿನ ಚಿತ್ರ ನಿಜ ಅಳತೆಯಲ್ಲಿ ಬರೆಯಿರಿ, ಒಳಗಿನ ತೂತುಗಳನ್ನೂ ಸೇರಿಸಿ, ಮಧ್ಯಗೆರೆ ಎಳೆದು. ನಾನು ಇಟ್ಟುಕೊಳ್ಳುವ ಅಳತೆ ಇದು: ಬಟ್ಟಲಿನ ಒಳಗಲ 19ರಿಂದ 20 ಮಿ.ಮೀ., ಆಳ ಸುಮಾರು 40. ಹೊಗೆದಾರಿ 4 ಮಿ.ಮೀ. ಕೊಳವೆಯ ಮೂತಿ ಕೂರುವ ಗುಳಿ 8 ಮಿ.ಮೀ. ಅಗಲ, 20 ಆಳ. ಕೆತ್ತನೆ ಎಲ್ಲ ಮುಗಿದ ಮೇಲೂ ಬಟ್ಟಲಿನ ಗೋಡೆ 6 ಮಿ.ಮೀ.ಗಿಂತ ತೆಳ್ಳಗಾಗಬಾರದು, ತಳ ಇನ್ನೂ ದಪ್ಪ ಇರಲಿ. ಗೋಡೆ ತೆಳ್ಳಗಾದರೆ ಕೈ ಸುಡುತ್ತದೆ, ಆಮೇಲೆ ಬಟ್ಟಲೇ ಸುಡುತ್ತದೆ.

ಮೊದಲು ಕುತ್ತಿಗೆ ಕಡೆಯಿಂದ ಗುಳಿ. ತುಂಡನ್ನು ಅಲ್ಲಾಡಿಸದೆ ಡ್ರಿಲ್ಲಿನ ಬಿಟ್ಟನ್ನು ಮಾತ್ರ ಬದಲಿಸಿ, ಅದೇ ನಡುವಿನಿಂದ ಹೊಗೆದಾರಿ. ಆಮೇಲೆ ತುಂಡು ತಿರುಗಿಸಿ ಮೇಲಿನಿಂದ ಬಟ್ಟಲು. ಬಟ್ಟಲು ಕೊರೆಯುವ ಬಿಟ್ಟಿಗೆ ಆಳ ಗೊತ್ತಾಗಲು ಬಣ್ಣದ ಟೇಪು ಸುತ್ತಿಕೊಳ್ಳಿ. ಕೊನೆಯ ಒಂದೆರಡು ಮಿಲಿಮೀಟರ್ ಇರುವಾಗ ನಿಲ್ಲಿಸಿ, ಪುಡಿ ಊದಿ, ಟಾರ್ಚ್ ಬಿಟ್ಟು ನೋಡಿ. ಮತ್ತೆ ಸ್ವಲ್ಪ. ಮತ್ತೆ ನೋಡಿ. ತಳದ ಸರಿ ನಡುವಿನಲ್ಲಿ ಹೊಗೆದಾರಿಯ ಬಾಯಿ ಪೂರ್ತಿ ದುಂಡಗೆ ತೆರೆದುಕೊಳ್ಳುವ ಕ್ಷಣ ಒಂದು ಬರುತ್ತದೆ. ಅಲ್ಲಿಗೆ ನಿಲ್ಲಬೇಕು. ಬಾಯಿ ಮೇಲಾದರೆ ಅದರ ಕೆಳಗೆ ಉಳಿದ ತಂಬಾಕು ಉರಿಯದೆ ಒದ್ದೆಯಾಗಿ ಕೂರುತ್ತದೆ. ಪಕ್ಕಕ್ಕಾದರೆ ಒಂದೇ ಕಡೆ ಗೋಡೆ ಸುಡುತ್ತದೆ.

ಪರೀಕ್ಷೆ ಸುಲಭ. ಹತ್ತಿ ಸುತ್ತಿದ ತಂತಿಯನ್ನು, ಪೈಪ್ ಕ್ಲೀನರ್ ಅಂತ ಕ್ರಾಫ್ಟ್ ಅಂಗಡಿಯಲ್ಲೂ ಮಾರುತ್ತಾರಲ್ಲ ಅದನ್ನೇ, ಬಾಯಿಯ ತುದಿಯಿಂದ ತೂರಿಸಿ. ಎಲ್ಲೂ ತಡೆಯದೆ ಬಟ್ಟಲಿನ ತಳದಲ್ಲಿ ತಲೆ ಹೊರಹಾಕಿದರೆ ನಿಮ್ಮ ಕೆಲಸ ಪಾಸು.

ಪ್ರಶ್ನೆ: ನಮ್ಮದು ಗುಡಿಗಾರರ ಮನೆ. ಗಂಧ ಕೆತ್ತುವ ಸಣ್ಣ ಉಳಿಗಳು ಇದಕ್ಕೆ ಸಾಕಾ?
– ಶಿರಸಿ

ಉತ್ತರ: ನಿಮಗೆ ನಾನು ಹೇಳಿಕೊಡೋದಾ! ಆದರೂ ಕೇಳಿದ್ದೀರಿ, ಹೇಳುತ್ತೇನೆ. ಬ್ರಯರ್ ಗಂಟಿನಲ್ಲಿ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ. ಗಂಧದಲ್ಲಿ ಜಾರುವ ಉಳಿ ಇಲ್ಲಿ ಚಕ್ಕೆ ಎಬ್ಬಿಸುತ್ತದೆ. ಆಕಾರ ತೆಗೆಯಲು ಒರಟು ಅರ, ನಯ ಅರ, ಆಮೇಲೆ 120, 220, 400, 600 ನಂಬರಿನ ಪೇಪರ್ ಒಂದಾದ ಮೇಲೊಂದು. ನಂಬರ್ ಹಾರಿಸಿದರೆ ಗೀರು ಪಾಲಿಶ್ ಆದ ಮೇಲೆ ಕಾಣುತ್ತದೆ. ಹೂವು, ಬಳ್ಳಿ, ಸಿಂಹದ ಮುಖ ಇದ್ದರೆ ಆಗ ನಿಮ್ಮ ಉಳಿ ಹೊರಗೆ ಬರಲಿ. ಗಂಧದ ಮರದಲ್ಲೇ ಬಟ್ಟಲು ಮಾತ್ರ ಮಾಡಬೇಡಿ. ಎಣ್ಣೆ ಮರ, ಬೆಂಕಿಗೆ ಕೊಡುವುದು ದಂಡ.

ಪ್ರಶ್ನೆ: ನಮ್ಮಲ್ಲಿ ಗೋವಿನಜೋಳ ಬೆಳೀತೀವ್ರಿ. ಕಾಳು ಬಿಡಿಸಿದ ಮೇಲೆ ಉಳಿಯೋ ಬೆಂಡಿನಿಂದಲೂ ಪೈಪ್ ಮಾಡ್ತಾರೆ ಅಂತ ಕೇಳಿದ್ದೆ. ಖರೇನಾ?
– ಹಳಿಯಾಳ

ಉತ್ತರ: ಖರೇ. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಅನ್ನುವ ಪೇಟೆಯಲ್ಲಿ 1869ರಿಂದ ಅದೇ ಕಸುಬು. ಹೆನ್ರಿ ಟಿಬ್ಬಿ ಅಂತ ಹಾಲೆಂಡಿನಿಂದ ಹೋಗಿ ನೆಲೆಸಿದ ಮರ ಕಡೆಯುವವನು ಶುರುಮಾಡಿದ್ದು. ಬೆಂಡಿನ ಹೊರಮೈ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ನಯ ಮಾಡುವ ಉಪಾಯಕ್ಕೆ 1878ರಲ್ಲಿ ಪೇಟೆಂಟ್ ಪಡೆದ. ಅವರು ಪೈಪಿಗೆಂದೇ ದಪ್ಪ ಬೆಂಡಿನ ತಳಿ ಬೆಳೆಸುತ್ತಾರೆ. ನಮ್ಮ ಹೈಬ್ರಿಡ್ ತೆನೆಯ ಬೆಂಡು ಸಪೂರ, ಗೋಡೆಗೆ ದಪ್ಪ ಸಾಲುವುದಿಲ್ಲ. ಹಳೇ ಬೀಜದ ದಪ್ಪ ತೆನೆ ಎಲ್ಲಾದರೂ ಸಿಕ್ಕರೆ ಒಂದು ವರ್ಷ ಒಣಗಿಸಿ ಪ್ರಯತ್ನಿಸಿ. ಕೊಳವೆಗೆ ವಾಟೆ ಬಿದಿರಿನ ತುಂಡು ಸಾಕು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಅಗ್ಗದ ಪಾಠ ಇಲ್ಲ. ಹಾಳಾದರೆ ಒಲೆಗೆ.

ಪ್ರಶ್ನೆ: ನಿಮ್ಮ ಬರಹ ಓದಿ ನಮ್ಮನೆಯವರು ಹಿತ್ತಲಲ್ಲಿ ಡ್ರಿಲ್ ಹಿಡಿದು ಕೂತಿದ್ದಾರೆ. ಇವತ್ತು ಮಾಡುವವರು ನಾಳೆ ಸೇದೋಕೂ ಶುರುಮಾಡಿದರೆ? ಒಂದು ಚಟವನ್ನು ಹವ್ಯಾಸ ಅಂತ ಬರೆಯೋದು ಎಷ್ಟು ಸರಿ?
– ಗೃಹಿಣಿ, ಕುಮಟಾ

ಉತ್ತರ: ಅಕ್ಕಾ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪೈಪ್ ಸೇದುವವರು ಹೇಳುವುದುಂಟು, ನಾವು ಹೊಗೆ ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ ಅಂತ. ತುಟಿಗೆ, ನಾಲಿಗೆಗೆ, ಗಂಟಲಿಗೆ ಅಷ್ಟೇ ಸಾಕು. ಪೈಪ್ ಸೇದುವವರಲ್ಲಿ ತುಟಿಯ ಕ್ಯಾನ್ಸರ್ ಜಾಸ್ತಿ ಅಂತ ಸೊಮ್ಮರಿಂಗ್ ಅನ್ನುವ ಜರ್ಮನ್ ವೈದ್ಯ 1795ರಲ್ಲೇ ಬರೆದಿಟ್ಟಿದ್ದಾನೆ. ಸಿಗರೇಟಿಗಿಂತ ಪೈಪ್ ಮೇಲು ಅನ್ನುವ ಮಾತನ್ನು ನಿಮ್ಮನೆಯವರು ತೆಗೆದರೆ ಈ ಸಾಲು ತೋರಿಸಿ.

ನನ್ನ ಮಟ್ಟಿಗೆ ಇದು ಮರದ ಕೆಲಸ. ಕತ್ತಿ ಮಾಡುವ ಕಮ್ಮಾರನೆಲ್ಲ ಯುದ್ಧಕ್ಕೆ ಹೋಗಲಿಲ್ಲ ಅಲ್ವಾ. ಮನೆಯಲ್ಲಿ ಒಂದು ಕರಾರು ಮಾಡಿಕೊಳ್ಳಿ: ಪೈಪ್ ಎಷ್ಟು ಬೇಕಾದರೂ ಬರಲಿ, ತಂಬಾಕು ಹೊಸ್ತಿಲು ದಾಟಬಾರದು. ಮಾಡಿದ್ದನ್ನು ಊದಿ ನೋಡಿ, ತಂತಿ ತೂರಿಸಿ ನೋಡಿ. ಪರೀಕ್ಷೆಗೆ ಹೊಗೆ ಬೇಕಾಗಿಲ್ಲ.

ಸೇದದವರಿಗೂ ಇರುವ ಅಪಾಯವನ್ನು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅದು ಮರದ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಒಳ್ಳೆ ಮಾಸ್ಕ್ ಕೊಡಿಸಿ, ಹೊರಗೆ ಗಾಳಿಯಲ್ಲೇ ಕೂರಲಿ. ಆ ಬಟ್ಟೆಯಲ್ಲಿ ಊಟಕ್ಕೆ ಬಂದರೆ ಎಬ್ಬಿಸಿ ಕಳಿಸಿ.

ಪ್ರಶ್ನೆ: ದೋಣಿಗೆ ಬಳಿಯುವ ಗೇರೆಣ್ಣೆ ನಮ್ಮಲ್ಲಿ ಇದೆ. ಪೈಪಿಗೆ ಅದನ್ನೇ ಹಚ್ಚಿದರೆ ಹುಳ ಹಿಡಿಯೋದಿಲ್ಲ ಅಲ್ವಾ?
– ಬೇಲೇಕೇರಿ

ಉತ್ತರ: ಬೇಡ, ಬೇಡ, ಬೇಡ. ದೋಣಿಯನ್ನು ಯಾರೂ ಬಾಯಿಗೆ ಇಟ್ಟುಕೊಳ್ಳುವುದಿಲ್ಲ. ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬಿಸಿಯಾದರೆ ಅದರ ಹೊಗೆಯೂ ಕೆಟ್ಟದ್ದು. ವಾರ್ನಿಶ್, ಪಿಯು (ಪಾಲಿಯುರೆಥೇನ್) ಕೋಟಿಂಗ್ ಕೂಡ ಬಟ್ಟಲಿನ ಒಳಗೆ ತಾಗಬಾರದು. ಒಳಗೆ ಬರಿಮರ ಇರಲಿ. ಕೆಲವರು ಮೊದಲ ಕೆಂಡದ ಝಳ ತಡೆಯಲೆಂದು ಸಕ್ರಿಯ ಇದ್ದಿಲಿನ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಒಳಗೆ ತೆಳ್ಳಗೆ ಬಳಿದು ಒಣಗಿಸುತ್ತಾರೆ. ಓದಿದಾಗ ನನಗೂ ನಗು ಬಂದಿತ್ತು, ಆದರೆ ಒಣಗಿದ ಮೇಲೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಹೊರಗಡೆಗೆ ಕಾರ್ನೌಬಾ ಮೇಣ. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವಂಥದ್ದು, ಕಾರು ಪಾಲಿಶ್‌ಗೂ ಹಾಕುತ್ತಾರೆ. ಆದರೆ ಕಾರಿನ ಡಬ್ಬಿ ತರಬೇಡಿ, ಅದರಲ್ಲಿ ಬೇರೆ ಏನೇನೋ ಬೆರೆಸಿರುತ್ತಾರೆ, ಶುದ್ಧ ಮೇಣದ ಚೂರು ಕೇಳಿ ತನ್ನಿ. ತಿರುಗುವ ಬಟ್ಟೆಚಕ್ರಕ್ಕೆ ಸವರಿ ಪೈಪ್ ಒತ್ತಿ ಹಿಡಿದರೆ ಕರಗಿ ಹತ್ತಿಕೊಳ್ಳುತ್ತದೆ. ಶಿರಸಿ ಕಡೆ ಜೇನುಮೇಣ ಬೇಕಾದಷ್ಟು ಸಿಗುತ್ತದೆ, ಅದನ್ನೇ ಹಚ್ಚಬಾರದಾ ಅಂತ ಇನ್ನಿಬ್ಬರು ಕೇಳಿದ್ದಾರೆ. ಜೇನುಮೇಣ 62-64 ಡಿಗ್ರಿಗೆ ಕರಗುತ್ತದೆ, ಕಾರ್ನೌಬಾ 80 ದಾಟಬೇಕು. ಬಿಸಿ ಬಟ್ಟಲು ಕೈಯಲ್ಲಿ ಅಂಟಂಟಾದರೆ ಯಾರಿಗೆ ಬೇಕು?

ಪ್ರಶ್ನೆ: ಬಾಯಿಗಿಡುವ ಕಪ್ಪು ಕೊಳವೆ ಯಾವುದರದ್ದು? ನಮ್ಮಲ್ಲಿ ಸಿಗುತ್ತದಾ?
– ನಿವೃತ್ತ ಬ್ಯಾಂಕ್ ನೌಕರರು, ಕಾರವಾರ

ಉತ್ತರ: ಹೆಚ್ಚಾಗಿ ಎಬೊನೈಟ್, ಅಂದರೆ ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಗಟ್ಟಿ ಮಾಡಿದ್ದು. ಹಳೇ ಕಾಲದ ಫೌಂಟನ್ ಪೆನ್ನೂ ಅದರದ್ದೇ. ರಾಜಮಂಡ್ರಿಯಲ್ಲಿ ಇವತ್ತಿಗೂ ಕೈಯಿಂದ ಎಬೊನೈಟ್ ಪೆನ್ನು ಕಡೆಯುತ್ತಾರೆ. ಪೆನ್ನು ಮಾಡುವವರಿಗೆ ಸರಳು ಒದಗಿಸುವವರ ಹತ್ತಿರ ಕೇಳಿ. ಅರ ಹಾಕುವಾಗ ಗಂಧಕದ ವಾಸನೆ ಬರುತ್ತದೆ, ಹೆದರಬೇಡಿ. ಬಿಸಿಲಿಗೆ ಇಟ್ಟರೆ ಕಪ್ಪು ಹೋಗಿ ಹಸಿರುಮಿಶ್ರಿತ ಕಂದು ಬಣ್ಣ ಬರುತ್ತದೆ, ಆದ್ದರಿಂದ ಡಬ್ಬಿಯಲ್ಲಿಡಿ. ಕಚ್ಚುವ ಜಾಗ 4 ಮಿ.ಮೀ. ದಪ್ಪಕ್ಕೆ ಇಳಿಸಬೇಕು. ಇದು ತಾಳ್ಮೆಯ ಕೆಲಸ, ಸರಳು ಸಿಕ್ಕವರೂ ಇಲ್ಲೇ ಕೈ ಬಿಡುತ್ತಾರೆ. ಅಷ್ಟು ಬೇಡ ಅನ್ನುವವರಿಗೆ ತೂತು ಕೊರೆದು, ಕೊಳವೆ ಕೂಡಿಸಿದ ಬ್ರಯರ್ ತುಂಡುಗಳೇ ಹೊರದೇಶದಲ್ಲಿ ಮಾರಾಟಕ್ಕಿವೆ. ಕೆತ್ತುವುದಷ್ಟೇ ಬಾಕಿ ಇರುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮೂತಿಯನ್ನು ಗುಳಿಗೆ ಕೂಡಿಸುವ ಕೊನೆಯ ಕೆಲಸ ಮಳೆಗಾಲದಲ್ಲಿ ಬೇಡ. ತೇವಕ್ಕೆ ಮರ ಉಬ್ಬಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ದೀಪಾವಳಿ ಕಳೆಯಲಿ. ಡ್ರಿಲ್ ಬಿಟ್ಟುಗಳಿಗೆ ಹೊಲಿಗೆ ಮಶೀನಿನ ಎಣ್ಣೆ ಸವರಿ ಸುತ್ತಿಡಿ, ಸಮುದ್ರದ ಗಾಳಿಗೆ ರಾತ್ರಿ ಬೆಳಗಾಗುವುದರೊಳಗೆ ಜಂಗು.

ಪ್ರಶ್ನೆ: ಸರ್, ನಾನು ಚಿತ್ರಕಲೆ ಓದುತ್ತಿದ್ದೇನೆ, ವಯಸ್ಸು 19. ಚಿತ್ರದಲ್ಲಿ ಪತ್ತೇದಾರರು ಹಿಡಿದಿರುವ ಬಾಗಿದ ದೊಡ್ಡ ಪೈಪ್ ಸೋರೆಕಾಯಿಯದ್ದು ಅಂತ ಯಾರೋ ಅಂದರು. ಹೌದಾ? ನಾಟಕಕ್ಕೆ ಒಂದು ಮಾಡಬೇಕಿತ್ತು.
– ಅಂಕೋಲಾ

ಉತ್ತರ: ಹೌದು ತಮ್ಮಾ. ಕ್ಯಾಲಬಾಶ್ ಪೈಪ್ ಅನ್ನುತ್ತಾರೆ. ನಮ್ಮ ಹಿತ್ತಲಿನ ಸೋರೆಯದ್ದೇ ಜಾತಿ, ಗಟ್ಟಿ ಬುರುಡೆಯ ತಳಿ. ದಕ್ಷಿಣ ಆಫ್ರಿಕಾದಲ್ಲಿ ಪೈಪಿಗೆಂದೇ ಬೆಳೆಸುತ್ತಿದ್ದರು. ಕಾಯಿ ಎಳೆಯದಾಗಿರುವಾಗಲೇ ಅದರ ಕುತ್ತಿಗೆಯನ್ನು ನೆಲದ ಮೇಲೆ ದಿನಕ್ಕಿಷ್ಟು ಬಾಗಿಸಿ ಗೂಟಕ್ಕೆ ಆನಿಸಿಡುತ್ತಾರೆ. ಬೆಳೆದ ಹಾಗೆ ಬಾಗಿ ನಿಲ್ಲುತ್ತದೆ. ಸಪೂರ ತುದಿ ಕೊಳವೆಯ ಕಡೆಗೆ, ದಪ್ಪ ಕಡೆ ಕತ್ತರಿಸಿ ಬಟ್ಟಲಿಗೆ. ಬುರುಡೆಗೇ ಕೆಂಡ ಹಾಕುವುದಿಲ್ಲ. ಒಳಗೆ ಬೇರೆ ಬಟ್ಟಲು ಕೂರುತ್ತದೆ, ಟರ್ಕಿಯ ಎಸ್ಕಿಶೆಹಿರ್ ಕಡೆ ಸಿಗುವ ಮೀರ್ಶಾಮ್ ಅನ್ನುವ ಹಗುರ ಬಿಳಿ ಕಲ್ಲಿನದು. ಬಟ್ಟಲಿನ ಕೆಳಗೆ ಉಳಿಯುವ ಟೊಳ್ಳಿನಲ್ಲಿ ಹೊಗೆ ತಣ್ಣಗಾಗುತ್ತದೆ.

ನಿನಗೆ ನಾಟಕಕ್ಕೆ ಸಾಕಲ್ಲ, ಒಳಗೆ ತಂಬಾಕು ಬೇಡ. 2025ರಿಂದ ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಅದನ್ನು ಮಾರುವಂತೆಯೂ ಇಲ್ಲ. ಕಲ್ಲಿನ ಬದಲು ಕುಂಬಾರರ ಹತ್ತಿರ ಮಣ್ಣಿನ ಸಣ್ಣ ಬಟ್ಟಲು ಮಾಡಿಸು. ಬುರುಡೆಯ ಬಾಯಿಗೂ ಅದಕ್ಕೂ ನಡುವೆ ಕಾರ್ಕಿನ ಬಳೆ ಕೊಟ್ಟರೆ ಬಿಗಿಯಾಗಿ ಕೂರುತ್ತದೆ. ಸಂತೆಯ ತರಕಾರಿ ಸೋರೆ ತರಬೇಡ, ಸಿಪ್ಪೆ ತೆಳು, ಒಣಗುವ ಮೊದಲೇ ಕೊಳೆಯುತ್ತದೆ. ಹಿಂದೆ ಈಜು ಕಲಿಯಲು ಸೊಂಟಕ್ಕೆ ಕಟ್ಟುತ್ತಿದ್ದ ಬುರುಡೆಯ ಬೀಜ ಯಾರ ಮನೆಯಲ್ಲಿದೆ ಅಂತ ಹುಡುಕು. ಕಾಯಿ ಬಳ್ಳಿಯಲ್ಲೇ ಒಣಗಲಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಇನ್ನೊಂದು: ಮಣ್ಣು ಸುಟ್ಟಾಗ ಕುಗ್ಗುತ್ತದೆ. ಆದ್ದರಿಂದ ಬಟ್ಟಲು ಸುಟ್ಟು ಕೈಗೆ ಬಂದ ಮೇಲೆಯೇ ಅದರ ಅಳತೆ ನೋಡಿ ಬುರುಡೆಗೆ ಗರಗಸ ಹಾಕು.